ಪರದೇಶದ ಹಬ್ಬ, ಪಿರಿಯಾಪಟ್ಟಣದ ಥ್ಯಾಂಕ್ಸು

ಹಬ್ಬದ ದಿನ ನಮ್ಮ ಪಾಡಿಗೆ ನಾವು ಉಂಡು ಮಲಗಿದ್ದು ನನಗೆ ನೆನಪೇ ಇಲ್ಲ. ಏನಾದರೊಂದು ಆಗಿಯೇ ಆಗುತ್ತದೆ. ಐರ್ಲೆಂಡಿಗೆ ಹೋದರಾದರೂ ತಪ್ಪೀತು ಅಂದುಕೊಂಡಿದ್ದೆ. ಅಲ್ಲಿಗೂ ಬಂತು.

ನಾನು ಪಿರಿಯಾಪಟ್ಟಣದ ಕಡೆಯವಳು, ಅಪ್ಪ ಹೊಗೆಸೊಪ್ಪು ಬೆಳೆದು ಬ್ಯಾರನ್ ಅನ್ನುವ ಗೂಡಿನಲ್ಲಿ ಬಿಸಿಗೆ ಒಣಗಿಸುತ್ತಾರೆ. ಆಹಾರ ವಿಜ್ಞಾನ ಓದಲು ಐರ್ಲೆಂಡಿನ ಒಂದು ಸಣ್ಣ ಊರಿಗೆ ಹೋದೆ. ರೂಮಿನಲ್ಲಿ ಜೊತೆಗಿದ್ದವಳು ಹುಣಸೂರಿನ ಸಾಬರ ಹುಡುಗಿ, ಅವಳ ಅಪ್ಪನದು ಮರದ ಸಾಮಾನಿನ ಅಂಗಡಿ. ಊರಲ್ಲಿದ್ದಾಗ ಒಂದೇ ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತಿದ್ದೆವಂತೆ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಪರಿಚಯವಾಗಲು ಸಮುದ್ರ ದಾಟಬೇಕಾಯಿತು.

ವಂದನಾರ್ಪಣೆ

ಅಲ್ಲಿ ಕನ್ನಡದವರದೊಂದು ಕೂಟವಿತ್ತು. ಅವರ ಹಬ್ಬಗಳು ಪಂಚಾಂಗ ನೋಡಿ ಬರುವುದಿಲ್ಲ, ಸಭಾಂಗಣ ಖಾಲಿ ಇದ್ದಾಗ ಬರುತ್ತವೆ. ಹಾಗಾಗಿ ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ದೀಪಾವಳಿ ಬಂತು. ಊಟ ಉಂಟು ಅಂತ ತಿಳಿದು ನಾವಿಬ್ಬರೂ ಮೊದಲೇ ಹೋಗಿ ಕೂತೆವು.

ಅಧ್ಯಕ್ಷರು ಬಂದು, "ನೀನು ಹೊಸಬಳು, ಕನ್ನಡ ಇನ್ನೂ ಚೆನ್ನಾಗಿದೆ. ವಂದನಾರ್ಪಣೆ ನಿಂದೇ" ಅಂದರು.

ಮೂರು ಮಾತಿನ ಕೆಲಸ ಅಂದುಕೊಂಡು ಮೈಕು ಹಿಡಿದೆ. ಅಧ್ಯಕ್ಷರಿಗೆ, ಅಡುಗೆ ಮಾಡಿದವರಿಗೆ, ಬಂದವರಿಗೆಲ್ಲ ವಂದನೆ ಅಂತ ಹೇಳಿ ಇಳಿಯಬೇಕು, ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಕೆಮ್ಮಿದರು. "ಮಾಜಿ ಅಧ್ಯಕ್ಷರು" ಅಂತ ಯಾರೋ ಪಿಸುಗುಟ್ಟಿದರು. ಅವರಿಗೂ ವಂದಿಸಿದೆ. ರಂಗೋಲಿ ಹಾಕಿದಾಕೆ ಕೈ ಎತ್ತಿದರು. ರಂಗೋಲಿಗೆ ಬಣ್ಣ ತಂದುಕೊಟ್ಟವರು ಎದ್ದೇ ನಿಂತರು. ಒಬ್ಬ ಮಹನೀಯರು ಹತ್ತಿರಕ್ಕೇ ಬಂದು, "ನಾನೇನೂ ಮಾಡಿಲ್ಲಮ್ಮ, ಆದ್ರೆ ಮಾಡೋರಿಗೆ ಅಡ್ಡ ಬರಲಿಲ್ಲ" ಅಂದರು. ಅವರಿಗೂ ವಂದಿಸಿದೆ.

ಪುಳಿಯೋಗರೆ ತಣ್ಣಗಾಗುತ್ತಾ ಬಂತು. ಸಭಾಂಗಣದ ಬಾಗಿಲು ಹಾಕಲು ಬಂದ ಐರಿಷ್ ಮುದುಕ, ಒಬ್ಬೊಬ್ಬರೇ ಎದ್ದು ಕೈ ಮುಗಿಯುವುದನ್ನೂ ಚಪ್ಪಾಳೆಯನ್ನೂ ನೋಡಿ ನನ್ನ ಗೆಳತಿಯನ್ನು ಕೇಳಿದನಂತೆ, "ಚುನಾವಣೇಲಿ ಗೆದ್ದಿದ್ದು ಯಾರು?"

"ಇನ್ನೂ ಎಣಿಕೆ ನಡೀತಿದೆ" ಅಂದಳಂತೆ ಇವಳು.

ಅಷ್ಟಾದರೂ ಒಬ್ಬರ ಹೆಸರು ಬಿಟ್ಟುಹೋಗಿತ್ತು. ಆ ಕೋಪಕ್ಕೆ ಕೂಟ ಒಡೆದು ಎರಡಾಯಿತು. ಹೊಸ ಕೂಟದವರು ನನಗೆ ಫೋನ್ ಮಾಡಿ, "ನೀವು ಅವತ್ತು ಮಾಡಿದ ಉಪಕಾರ ಮರೆಯೋಕಾಗಲ್ಲ. ನಮ್ಮ ಉದ್ಘಾಟನೆಗೆ ನೀವೇ ಮುಖ್ಯ ಅತಿಥಿ" ಅಂದರು.

ಅವ್ವನ ಕೃತಜ್ಞತೆ

ಕ್ರಿಸ್‌ಮಸ್ ದಿನ ಅಲ್ಲಿ ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಅಂಗಡಿ ಇಲ್ಲ, ಬಸ್ಸಿಲ್ಲ. ಕಾಲೇಜಿನವರೆಲ್ಲ ಅವರವರ ಊರಿಗೆ ಹೋಗಿದ್ದರು. ನಾವಿಬ್ಬರು ಕಿಟಕಿ ಹತ್ತಿರ ಕೂತು ನೂಡಲ್ಸ್ ಬೇಯಿಸೋಣವೋ ಬೇಡವೋ ಅಂತ ಮುಖ ಸಪ್ಪೆ ಮಾಡಿಕೊಂಡಿದ್ದೆವು. ಆಗ ಕೆಳಗಿನ ಮನೆಯಲ್ಲಿದ್ದ ಮನೆ ಒಡತಿ ಮೆಟ್ಟಿಲು ಹತ್ತಿ ಬಂದು, "ನಮ್ಮ ಜೊತೆ ಊಟಕ್ಕೆ ಬನ್ನಿ" ಅಂದರು. ನನ್ನ ಗೆಳತಿ ಆಕೆಯ ಕಡೆ ಬೆನ್ನು ತಿರುಗಿಸಿ ಕಣ್ಣು ಒರೆಸಿಕೊಂಡಳು.

ಅವರ ಮನೆಯಲ್ಲೊಂದು ಪದ್ಧತಿ. ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ಈ ವರ್ಷ ಯಾವುದಕ್ಕೆ ಕೃತಜ್ಞರು ಅಂತ ಹೇಳಬೇಕು. ಮಗಳು ಯೋಗಾಸನಕ್ಕೆ ಕೃತಜ್ಞತೆ ಹೇಳಿದಳು. ಅಳಿಯ ತನ್ನ ನಾಯಿಯ ಮಂಡಿ ವಾಸಿಯಾದದ್ದಕ್ಕೆ ಹೇಳಿದ. ಅಷ್ಟರಲ್ಲಿ ಪಿರಿಯಾಪಟ್ಟಣದಿಂದ ಅವ್ವನ ವಿಡಿಯೊ ಕಾಲ್ ಬಂತು.

ಒಡತಿಗೆ ಖುಷಿಯೋ ಖುಷಿ. "ನಿಮ್ಮ ತಾಯಿಯೂ ಹೇಳಲಿ!" ಅಂದರು.

ನಾನು ಅವ್ವನಿಗೆ, "ಈ ವರ್ಷ ನಿಂಗೆ ಯಾವ್ದು ಸಂತೋಷ ತಂತು ಅಂತ ಕೇಳ್ತಾವ್ರೆ ಕಣವ್ವ" ಅಂದೆ.

ಅವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. "ಸಂತೋಷ ಎಲ್ಲಿಂದ ಬತ್ತದೆ? ನಿನ್ ಮಕ ನೋಡ್ಕಂಡಿದ್ದೀಯಾ? ಬ್ಯಾರನ್‌ನಿಂದ ಇಳಿಸಿದ ಹೊಗೆಸೊಪ್ಪಾಗದೆ. ಆಯಮ್ಮ ಹೊಟ್ಟೆ ತುಂಬ ಇಕ್ಕಾಕಿಲ್ವಾ? ಕೇಳು ಅವ್ರನ್ನ!"

ಇಡೀ ಮೇಜು ನನ್ನ ಬಾಯಿ ನೋಡುತ್ತಿತ್ತು. "ಮಗಳಿಗೆ ಹೊಟ್ಟೆ ತುಂಬ ಊಟ ಹಾಕುವ ಇಂಥ ಮನೆ ಸಿಕ್ಕಿದ್ದಕ್ಕೆ ನಮ್ಮ ತಾಯಿ ಕೃತಜ್ಞರಂತೆ" ಅಂದೆ. ಗೆಳತಿ ನಗು ತಡೆಯಲು ದುಪಟ್ಟಾ ಕಚ್ಚಿಕೊಂಡು ಮೇಜಿನ ಕೆಳಗೆ ಬಿದ್ದ ಚಮಚ ಹುಡುಕುವ ನಾಟಕ ಮಾಡಿದಳು. ಒಡತಿಯ ಕಣ್ಣು ತುಂಬಿ ಬಂತು.

ಅದನ್ನು ನೋಡಿ ಅವ್ವ ಗಾಬರಿಯಾದಳು. "ಯಾಕವ್ವ ಅಳ್ತಾವ್ರೆ? ನಾನಂದಿದ್ದ ಅಂಗಂಗೇ ಹೇಳ್ಬುಟ್ಯಾ? ಅಯ್ಯೋ, ನೊಂದ್ಕಬ್ಯಾಡಿ ಅನ್ನು!"

ಮಾರನೆ ದಿನದಿಂದ ಒಡತಿ ದಿನಾ ಒಂದು ಬಟ್ಟಲು ಆಲೂಗಡ್ಡೆಯೋ ಸೂಪೋ ಕಳಿಸತೊಡಗಿದರು. ತಿಂಗಳೊಳಗೆ ನನ್ನ ಕೆನ್ನೆ ಉಬ್ಬಿತು. ಅವ್ವ ವಿಡಿಯೊದಲ್ಲಿ ನೋಡಿ ಅಪ್ಪನಿಗೆ ಹೆಮ್ಮೆಯಿಂದ ಹೇಳಿದಳು: "ನೋಡಿ, ಅವತ್ತು ನಾನು ಗಟ್ಟಿಯಾಗಿ ಕೇಳಿದ್ದಕ್ಕೇ ಆಯಮ್ಮ ದಾರಿಗೆ ಬಂದ್ಲು!"

ಬೈಗುಳ

ಆ ದೇಶದಲ್ಲಿ ಬಾಗಿಲು ಹಿಡಿದರೆ ಥ್ಯಾಂಕ್ಸು, ಬಿಟ್ಟರೂ ಥ್ಯಾಂಕ್ಸು. ನನ್ನ ನಾಲಿಗೆಗೂ ಅದು ಅಂಟಿತು. ಸಂಕ್ರಾಂತಿಗೆ ಅವ್ವ ಎಳ್ಳು ಬೆಲ್ಲ, ಕೋಡುಬಳೆ ಪಾರ್ಸೆಲ್ ಕಳಿಸಿದ್ದಳು. ಫೋನ್ ಮಾಡಿ, "ತುಂಬಾ ಥ್ಯಾಂಕ್ಸ್ ಅವ್ವ" ಅಂದೆ. ಆ ಕಡೆಯಿಂದ ಫೋನ್ ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನು. "ಅವ್ವಂಗೆ ಏನಂದವ್ವ? ಹಬ್ಬದ ದಿನ ಉಣ್ಣದೆ ಕುಂತವ್ಳೆ. ಮಗಳು ಹೊರಗಿನೋಳ್ ಆಗ್ಬುಟ್ಲು ಅಂತಾವ್ಳೆ."

"ಏನೂ ಅಂದಿಲ್ಲಪ್ಪ. ಥ್ಯಾಂಕ್ಸ್ ಅಂದೆ ಅಷ್ಟೆ."

ಅಪ್ಪ ದನಿ ತಗ್ಗಿಸಿ ಹೇಳಿದರು: "ಏನೇ ಸಿಟ್ಟಿರ್ಲಿ, ಎತ್ತವ್ವಂಗೆ ಅಂಗೆಲ್ಲಾ ಬಯ್ಬಾರ್ದು ಕಣವ್ವ."

ಒಂದೇ ಚಂದ್ರ

ಆ ವರ್ಷ ಯುಗಾದಿಯೂ ರಂಜಾನ್ ಚಂದ್ರನೂ ಒಂದೇ ದಿನಕ್ಕೆ ಬಂದವು. ಬೇವಿಗೆ ಎಲ್ಲಿ ಹೋಗುವುದು? ಇಂಡಿಯನ್ ಅಂಗಡಿಯಲ್ಲಿ ಬೇವಿನ ಪುಡಿ ಸಿಕ್ಕಿತು. ಬೆಲ್ಲಕ್ಕೆ ಕಲಸಿ ನಾನು ಬಾಯಿಗೆ ಹಾಕಿಕೊಂಡೆ. ಉಪವಾಸವಿದ್ದ ಗೆಳತಿ ಸುಮ್ಮನೆ ಪೊಟ್ಟಣ ತಿರುಗಿಸಿ ಓದುತ್ತಿದ್ದಳು.

"ಲೇ, ಮುಖಕ್ಕೆ ಹಚ್ಚೋದು ಕಣೇ ಇದು. 'ಹೊರ ಲೇಪನಕ್ಕೆ ಮಾತ್ರ' ಅಂತಿದೆ."

"ಈಗ ಏನಾಗುತ್ತೆ?"

"ಕರುಳಿನ ಮೊಡವೆ ಹೋಗುತ್ತೆ, ಬುಡು."

ಮಧ್ಯಾಹ್ನಕ್ಕೆಲ್ಲ ಎರಡೂ ಮನೆಯಿಂದ ಫೋನು. ಊರಲ್ಲಾಗಲೇ ಸಂಜೆ, ಚಂದ್ರ ಕಂಡಾಗಿತ್ತು. ಯುಗಾದಿ ಚಂದ್ರನ್ನ ನೋಡು ಅಂತ ನಮ್ಮವ್ವ, ರಂಜಾನ್ ಚಂದ್ರನ್ನ ನೋಡು ಅಂತ ಅವಳಮ್ಮಿ. ಎರಡು ಮನೆಯ ಆಜ್ಞೆಗೂ ಇರುವುದೊಂದೇ ಚಂದ್ರ. ಸಂಜೆ ನಾವಿಬ್ಬರು ಕಾರು ನಿಲ್ಲಿಸುವ ಬಯಲಲ್ಲಿ ಕತ್ತೆತ್ತಿ ನಿಂತೆವು. ಮೇಲೆ ಕಂಬಳಿಯಂಥ ಮೋಡ.

ಪಕ್ಕದ ಮನೆಯ ಹೆಂಗಸು ಬಂದು ತಾನೂ ಕತ್ತೆತ್ತಿದಳು. ಅವಳನ್ನು ನೋಡಿ ಅವಳ ಗಂಡ. ಅವನನ್ನು ನೋಡಿ ಸೈಕಲ್ಲಿನಲ್ಲಿ ಹೋಗುತ್ತಿದ್ದವರು. ಯಾರಿಗೂ ಏನು ನೋಡುತ್ತಿದ್ದೇವೆ ಅಂತ ಗೊತ್ತಿಲ್ಲ, ಕೇಳಲು ಸಂಕೋಚ. ಕೊನೆಗೆ ಕೋಲೂರಿಕೊಂಡು ಬಂದ ಒಬ್ಬ ತಾತ, "ಏನು ಹುಡುಕ್ತಿದ್ದೀರಮ್ಮ?" ಅಂದ.

"ಚಂದ್ರನ್ನ" ಅಂದೆವು.

ತಾತ ನಮ್ಮನ್ನು ಕರುಣೆಯಿಂದ ನೋಡಿದ. "ಚಂದ್ರನಾ? ನಾವು ಈ ವರ್ಷ ಇನ್ನೂ ಸೂರ್ಯನ್ನೇ ನೋಡಿಲ್ಲ!"

ಬಿಳಿಕೆರೆ ಸ್ಟಾಪು

ಓದು ಮುಗಿಸಿ ಗೌರಿ ಹಬ್ಬಕ್ಕೆ ಸರಿಯಾಗಿ ಊರಿಗೆ ಬಂದೆ. ಸೋದರತ್ತೆಯ ಮನೆ ಬಿಳಿಕೆರೆಯಲ್ಲಿ. ತವರಿನ ಬಾಗಿನ ಕೊಟ್ಟು ಬಾ ಅಂತ ಅವ್ವ ಬೆಳಿಗ್ಗೆಯೇ ಬಸ್ಸು ಹತ್ತಿಸಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಉಸಿರಾಡಲು ಜಾಗವಿರಲಿಲ್ಲ. ಎರಡು ಮೊರ ಎದೆಗೆ ಅವುಚಿಕೊಂಡು ಹುಣಸೂರು ದಾಟಿ ಬಿಳಿಕೆರೆಯಲ್ಲಿ ಮುಂದಿನ ಬಾಗಿಲಿಂದ ಇಳಿದೆ. ಐರ್ಲೆಂಡಿನಲ್ಲಿ ಬಸ್ಸಿಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಅದೇ ಚಾಳಿಯಲ್ಲಿ ತಿರುಗಿ, "ಥ್ಯಾಂಕ್ಸ್ ಅಣ್ಣ" ಅಂದುಬಿಟ್ಟೆ.

ಡ್ರೈವರ್ ಗೇರಿಗೆ ಹಾಕಿದ ಕೈ ತೆಗೆದ. "ಏನಂದ್ರಿ?"

"ಥ್ಯಾಂಕ್ಸ್ ಅಂದೆ."

ಅವನು ಹಿಂದಕ್ಕೆ ತಿರುಗಿ ಕಂಡಕ್ಟರನ್ನು ಕೂಗಿದ. "ಬಾರಪ್ಪ ಇಲ್ಲಿ, ಯಾರೋ ಥ್ಯಾಂಕ್ಸ್ ಅಂತಾವ್ರೆ!"

ಕಂಡಕ್ಟರ್ ಜನರ ನಡುವೆ ನುಗ್ಗಿಕೊಂಡು ಇಳಿದು ಬಂದ. "ಟಿಕೆಟ್ ತಗಂಡಿಲ್ವೇನಮ್ಮ?"

"ತಗೊಂಡಿದ್ದೀನಿ. ಫ್ರೀ ಟಿಕೆಟ್ಟು."

"ಫ್ರೀ ಅಂದ್ಮೇಲೆ ಥ್ಯಾಂಕ್ಸ್ ಯಾಕೆ?"

"ಬಸ್ ಓಡಿಸ್ಕೊಂಡು ಬಂದ್ರಲ್ಲ, ಅದಕ್ಕೆ."

"ಓಡುಸ್ದೆ ಇನ್ನೇನ್ ತಳ್ಕಂಡ್ ಬತ್ತಾರಾ?" ಅಂತ ಕಿಟಕಿಯಿಂದ ಒಬ್ಬ ಅಜ್ಜಿ ಕೇಳಿತು. ಅದರ ಪಕ್ಕದವಳು, "ಕೇರಳದೋಳಿರ್ಬೇಕು. ನಮ್ ಫ್ರೀ ಬಸ್ಸಲ್ಲಿ ಕದ್ದು ಬಂದವ್ಳೆ" ಅಂದಳು.

ಕಂಡಕ್ಟರನಿಗೆ ಅದು ಸರಿ ಅನ್ನಿಸಿತು. "ಫ್ರೀ ಮಾಡ್ದಾಗಿನಿಂದ ನಮ್ ಕಡೆ ಹೆಣ್ಮಕ್ಳು ಒಬ್ರೂ ಇಂಗೆ ಅಂದಿಲ್ಲ. ಆಧಾರ್ ತೆಗೀರಿ."

ಮೊರ ನೆಲಕ್ಕಿಟ್ಟು ಆಧಾರ್ ಕೊಟ್ಟೆ. ಅವನು ಅದನ್ನು ಬಿಸಿಲಿಗೆ ಹಿಡಿದ. "ಪಿರಿಯಾಪಟ್ಣ ಅಂತ ಅದೆ ಕಣಣ್ಣ!"

ಡ್ರೈವರ್ ನಗಾಡಿದ. "ಪಿರಿಯಾಪಟ್ಣದೋರು ಥ್ಯಾಂಕ್ಸ್ ಅಂದ್ರಂತಾ? ಡೂಪ್ಲಿಕೇಟ್ ಇರ್ಬೇಕು, ಸರ್ಯಾಗಿ ನೋಡ್ಲಾ!"

ಅಷ್ಟೊತ್ತಿಗೆ ಬಸ್ಸಿನ ಅಷ್ಟೂ ಕಿಟಕಿಯಲ್ಲಿ ತಲೆಗಳು. ಹಿಂದೆ ನಿಂತ ಲಾರಿಯವನು ಹಾರ್ನ್ ಒತ್ತುತ್ತಿದ್ದ. ಬಿಸಿಲಿಗೆ ಬಾಗಿನದ ಬೆಲ್ಲ ಕರಗುತ್ತಿತ್ತು. ನನ್ನ ಒಂದು ವರ್ಷದ ನಯವಿನಯವೆಲ್ಲ ನೆತ್ತಿಗೇರಿ ಆವಿಯಾಯಿತು.

"ಏನ್ರೋ ಇದು! ಹಬ್ಬದ ದಿನ ಒಂದ್ ಒಳ್ಳೆ ಮಾತಾಡಿದ್ದಕ್ಕೆ ನಡುರಸ್ತೇಲಿ ನಿಲ್ಸಿ ವಿಚಾರ್ಣೆ ಮಾಡೀರಾ? ನಿಮ್ ಡಕೋಟ ಬಸ್ಸಿಗೆ ಬೆಂಕಿ ಬೀಳ! ಕೊಡ್ರಿ ಇಲ್ಲಿ ನನ್ ಆಧಾರ್ನ! ಕೊಟ್ಟಿದ್ ಥ್ಯಾಂಕ್ಸ್ನೂ ವಾಪಸ್ ಕೊಡ್ರಿ!"

ಕಂಡಕ್ಟರನ ಮುಖ ಅರಳಿತು. ಆಧಾರನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, ಬಸ್ಸಿನ ಮೈಗೆ ಪಟಪಟ ಬಡಿದು ಕೂಗಿದ:

"ನಮ್ ಕಡೆಯೋರೇ ಕಣಣ್ಣೋ! ರೈಟ್, ರೈಟ್!"