ನೆಟ್ಟಗಾದ ಕಾಲು

ಆ ಭಾನುವಾರ ಗವಿಸಿದ್ದಪ್ಪ ಹಲ್ಲುಜ್ಜಲು ಹಿತ್ತಲಿಗೆ ಹೋಗದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಂಪೌಂಡಿನ ನೀರು ಹೋಗುವ ಕಿಂಡಿಯಲ್ಲಿ ಪಕ್ಕದ ಮನೆಯ ಗಾದೆಮ್ಮನ ಕೋಳಿಮರಿಯೊಂದು ಚಿಂವ್‌ಗುಡುತ್ತ ಬಿದ್ದಿತ್ತು. ಯಾರೋ ಕೈವಾರವನ್ನು ಪೂರ್ತಿ ಅಗಲಿಸಿ ಬಿಸಾಕಿದಂತೆ ಅದರ ಕಾಲುಗಳು ಎರಡು ದಿಕ್ಕಿಗೆ ಜಾರಿದ್ದವು.

ಗೋಡೆಯ ಮೇಲಿಂದ ಗಾದೆಮ್ಮನನ್ನು ಕರೆದು ತೋರಿಸಿದ.

"ಹುಟ್ಟಿದಾಗಿಂದ ಹಂಗ ಐತ್ರಿ ಅಣ್ಣಾರ," ಎಂದಳು ಆಕೆ. "ತಾಯಿನೂ ಕುಕ್ಕಿ ದೂರ ಹಾಕೈತಿ. ಉಳಿಯಂಗಿಲ್ಲ ಬಿಡ್ರಿ."

"ನಾ ಒಂದು ಕೈ ನೋಡ್ಲೇನವ್ವ?"

"ನೋಡ್ರಿ. ನಡದ್ರ ವಾಪಸ್ ಕೊಡ್ರಿ, ಇಲ್ಲಂದ್ರ ನಿಮ್ಮ ಮಲ್ಲಿಗಿ ಬುಡಕ್ಕ ಹೂತುಬಿಡ್ರಿ."

ಗವಿಸಿದ್ದಪ್ಪ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅವನ ಮನೆಯೊಳಗೆ ಅಜ್ಜನ ಕಾಲದಿಂದ ಮೊಟ್ಟೆಯ ಸಿಪ್ಪೆಯೂ ಬಿದ್ದಿರಲಿಲ್ಲ. ಆದ್ದರಿಂದ ಮರಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ತನ್ನ ಮನೆಗೆ ತಾನೇ ಕಳ್ಳನಂತೆ ಬಂದ. ಹೆಂಡತಿ ಗುರುಬಸಮ್ಮ ಪೂಜೆಗೆ ಕೂತಿದ್ದಳು. ಜೇಬು ಚಿಂವ್ ಎಂದಿತು.

"ಫೋನ್ ಎತ್ತರಿ," ಎಂದಳು ಕಣ್ಣು ತೆರೆಯದೆ.

ಜೇಬು ಇನ್ನೊಮ್ಮೆ ಕೂಗಿ, ಒದ್ದೆಯೂ ಆಯಿತು. ಗುರುಬಸಮ್ಮ ಕಣ್ಣು ತೆರೆದಳು.

"ಕೋಳಿ ತಂದ್ರೇನು?"

"ಕೋಳಿ ಅಲ್ಲ, ಮರಿ."

"ಮರಿ ಬೆಳೆದು ಆಕಳಾಗತೈತೇನು?"

"ಕಾಲು ನೆಟ್ಟಗಾಗೋ ತನಕ ಅಷ್ಟ. ಸಂಜಿಗೆ ಕೊಟ್ಟುಬಿಡ್ತೀನಿ."

"ದೀಪ ಹಚ್ಚೋದ್ರಾಗ ಅದು ಮನಿ ಬಿಟ್ಟಿರಬೇಕು," ಎಂದು ಆಕೆ ಗಂಟೆ ಜೋರಾಗಿ ಬಾರಿಸಿದಳು.

ಫೋನಿನಲ್ಲಿ ನೋಡಿದರೆ ಉಪಾಯ ಸುಲಭವಿತ್ತು. ಎರಡೂ ಕಾಲಿಗೆ ಸಣ್ಣ ಪಟ್ಟಿ ಸುತ್ತಿ, ನಡುವೆ ಬೆರಳಗಲ ಬಿಟ್ಟು ಜೋಡಿಸಬೇಕು. ಪಟ್ಟಿ ತರಲು ಔಷಧಿ ಅಂಗಡಿಗೆ ಹೊರಟವನನ್ನು ಎದುರು ಮನೆಯ ಮೂಕಪ್ಪ ತಡೆದ. ಹೆಸರಿಗಷ್ಟೇ ಆತ ಮೂಕಪ್ಪ.

"ಏನಲೇ ಗವಿ, ಮನಿಯಾಗ ಕೋಳಿ ಕೂಗಾಕತ್ತೈತಿ?" ಎಂದವನು ಹತ್ತಿರ ಬಂದು ದನಿ ತಗ್ಗಿಸಿದ. "ನಾ ಯಾರಿಗೂ ಹೇಳಂಗಿಲ್ಲ. ಆದ್ರ ಒಂದು ಬಟ್ಟಲು ನನಗೂ ತೆಗದಿಡು."

ಗವಿಸಿದ್ದಪ್ಪ ಪಟ್ಟಿ ಕೊಂಡು ಬರುವಷ್ಟರಲ್ಲಿ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಓಣಿಯ ಕೊನೆಯ ಮನೆಯ ಚನ್ನವೀರಮ್ಮ ಅವನ ಬಾಗಿಲಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಳು. "ವಾಸನಿ ನಮ್ಮ ಅಡಿಗಿಮನಿಗೂ ಬಂತವ್ವ ಗುರುಬಸಮ್ಮ," ಎನ್ನುತ್ತಿದ್ದಳು. ಒಳಗೆ ಆಗ ಒಲೆಯನ್ನೇ ಹಚ್ಚಿರಲಿಲ್ಲ.

ಮೊದಲ ಪಟ್ಟಿ ಬಿಗಿಯಾಗಿ ಮರಿ ಮುಗ್ಗರಿಸಿ ಕೊಕ್ಕಿನ ಮೇಲೆ ಬಿತ್ತು. ಎರಡನೆಯದು ಗವಿಸಿದ್ದಪ್ಪನ ಹೆಬ್ಬೆರಳಿಗೇ ಅಂಟಿತು. ಇನ್ನೊಂದು ಹೇಗೋ ಕೂತಿತು. ಇನ್ನು ಮರಿಯನ್ನು ಸ್ವಲ್ಪ ಹೊತ್ತು ಇಕ್ಕಟ್ಟಾದ ಬಟ್ಟಲಿನಲ್ಲಿ ನಿಲ್ಲಿಸಿದರೆ ಕಾಲು ಮೈಯಡಿಗೆ ಬರುತ್ತದೆಂದು ಫೋನು ಹೇಳಿತು. ಅವನು ಬಟ್ಟಲು ಹುಡುಕುತ್ತಿದ್ದಾಗ ಗುರುಬಸಮ್ಮ ತನ್ನ ಚಹಾದ ಕಪ್ಪನ್ನು ಮುಂದಿಟ್ಟಳು.

"ಇದರ ಅಂಚು ದಪ್ಪೈತಿ. ಚುಚ್ಚಂಗಿಲ್ಲ."

ಮಧ್ಯಾಹ್ನ ಆಕೆಯೇ ನುಚ್ಚು ನೆನೆಸಿ ಬೆರಳ ತುದಿಯಿಂದ ತಿನ್ನಿಸಿದಳು. ಮತ್ತೆ ಬಂದ ಚನ್ನವೀರಮ್ಮನಿಗೆ, "ಸಾವಕಾಶ ಮಾತಾಡ್ರಿ, ಈಗ ಮಲಗೈತಿ," ಎಂದಳು.

ಇಳಿಹೊತ್ತಿಗೆ ಮರಿ ಗೋಣಿಚೀಲದ ಮೇಲೆ ಎದ್ದು ನಿಂತಿತು. ತೂಗಾಡಿತು, ಕೂತಿತು, ಮತ್ತೆ ಎದ್ದು ನಡೆಯಿತು. ಕತ್ತಲಾಗತೊಡಗಿದರೂ ಗುರುಬಸಮ್ಮ ದೀಪದ ಮಾತೆತ್ತಲಿಲ್ಲ. ಗವಿಸಿದ್ದಪ್ಪನೂ ನೆನಪಿಸಲಿಲ್ಲ. ಇದನ್ನು ಇಲ್ಲಿಯೇ ಇಟ್ಟುಕೊಳ್ಳೋಣವೇ ಎಂದು ಕೇಳಲು ಇಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಿದ್ದರು.

ಅಷ್ಟರಲ್ಲಿ ಗುಡಿಗೆ ಹೊರಟಿದ್ದ ಗಾದೆಮ್ಮ ತೆಂಗಿನಕಾಯಿ ಹಿಡಿದು ಬಂದಳು. ನಡೆಯುವ ಮರಿಯನ್ನು ಕಂಡು ಅಲ್ಲಿಯೇ ಕೂತುಬಿಟ್ಟಳು.

"ನಿಮ್ಮ ಕೈಗುಣ ದೊಡ್ಡದ್ರಿ ಅಣ್ಣಾರ. ನಮ್ಮ ಸೊಸಿ ಅನುಷಾನ ಹೆರಿಗಿ ಕಷ್ಟ ಆದಾಗ, ಕೋಳಿ ಮೊದಲನೇ ಮರಿ ದೇವಿಗೆ ಬಲಿ ಕೊಡ್ತೀನಂತ ಹರಕಿ ಹೊತ್ತಿದ್ದೆ. ಮೊದಲು ತತ್ತಿ ಒಡದು ಬಂದಿದ್ದು ಇದ. ಊನ ಇದ್ದಿದ್ದು ದೇವಿಗೆ ನಡಿಯಂಗಿಲ್ಲ, ಬದಲಿ ಕಾಯಿ ಒಡದು ಮುಗಸು ಅಂದಿದ್ದ ಪೂಜಾರಿ. ಈಗ ಕಾಯಿ ಬೇಡಾತು. ಮರಿ ಬಲಿತ ಮ್ಯಾಲ ಹರಕಿ ತೀರಸ್ತೀನಿ. ಕಾಯಿ ನೀವ ಇಟ್ಕೊಳ್ರಿ."

ಗವಿಸಿದ್ದಪ್ಪ ಕಾಯಿಯನ್ನು ಆಕೆಯ ಕಡೆಗೆ ಸರಿಸಿದ. "ಕಾಯಿ ಒಡದ್ರ ಸಾಕಲ್ಲವ್ವ. ಮರಿ ನಾ ಕೊಂಡ್ಕೊತೀನಿ."

"ದೇವಿದು ಹೆಂಗ ಮಾರಲ್ರಿ?"

"ಇದು ಇನ್ನೂ ಕುಂಟತೈತಿ. ಪಟ್ಟಿ ಇರೋದಕ್ಕ ನಿಂತೈತಿ ಅಷ್ಟ."

"ಹೌದು, ಕುಂಟತೈತಿ," ಎಂದಳು ಗುರುಬಸಮ್ಮ. ಹೂವಿನವಳೊಂದಿಗೆ ಚೌಕಾಸಿ ಮಾಡುವಾಗಲೂ ಸುಳ್ಳಾಡದ ಹೆಂಗಸು. "ನಾ ಬೆಳಿಗ್ಗಿಯಿಂದ ನೋಡೀನಿ."

ಗಾದೆಮ್ಮ ಮರಿಗೆ ನೋವಾಗದಂತೆ ನೀರು ಹಚ್ಚಿ ಪಟ್ಟಿ ಬಿಡಿಸಿದಳು. ಗೋಣಿಚೀಲದ ಆಚೆ ತುದಿಯಲ್ಲಿ ಅದನ್ನು ಇಳಿಸಿದಳು. ಹಗಲೆಲ್ಲ ನಡೆಯಲೆಂದು ಬೇಡಿಕೊಂಡಿದ್ದ ಗವಿಸಿದ್ದಪ್ಪ, ಈಗ ಒಮ್ಮೆ ಬೀಳಲಿ, ಒಂದೇ ಒಂದು ಸಲ ಜಾರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಮರಿ ಅತ್ತಿತ್ತ ನೋಡಿತು. ಅವನನ್ನು ಕಂಡಿತು. ಗೆರೆ ಎಳೆದಂತೆ ನೆಟ್ಟಗೆ ಓಡಿಬಂದು ಅವನ ಪಾದದ ಮೇಲೆ ಹತ್ತಿ ನಿಂತಿತು.

ಗಾದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನಿಗೆ ಕೈ ಮುಗಿದಳು.