ಬೆಳ್ಳಗೆ ತೋರಿಸುವ ಲೆನ್ಸು

ಹುಡುಗಿಯ ಫೋಟೋ ಕಳಿಸಿರಿ, ಬಣ್ಣ ಬೆಳ್ಳಗಿರಬೇಕು ಎಂದು ಧಾರವಾಡದ ಗಂಡಿನ ಮನೆಯವರು ಹೇಳಿಕಳಿಸಿದಂದಿನಿಂದ ಹುಬ್ಬಳ್ಳಿಯ ಅರಳೆ ವ್ಯಾಪಾರಿ ಶಾಂತಯ್ಯನಿಗೆ ಊಟ ಸೇರದು, ನಿದ್ದೆ ಬಾರದು. (ಗಂಡಿನ ಬಣ್ಣ ಯಾವುದೆಂದು ಇವನು ಕೇಳಲಿಲ್ಲ. ಎಮ್ಮೆ ಕೊಳ್ಳುವವನಾದರೂ ಹಾಲು ಎಷ್ಟೆಂದು ಕೇಳುತ್ತಾನೆ. ಅವರು ಗುಣ ಕೇಳದೆ ಬಣ್ಣವೊಂದನ್ನೇ ಕೇಳಿದ್ದರು!) ಮಗಳು ಶರಣವ್ವ ಗೋಧಿಬಣ್ಣದ ಹುಡುಗಿ. ಖಾಜಾಸಾಬನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲೂ ಆಕೆ ಆಕೆಯಂತೆಯೇ ಬಂದಳು. ಶಾಂತಯ್ಯನ ಪಾಲಿಗೆ ಅದು ಅಕ್ಷಮ್ಯ ಅಪರಾಧ.

“ಅವನ ಲೆನ್ಸಿಗೆ ತುಕ್ಕ ಹಿಡದೈತಿ,” ಎಂದು ತೀರ್ಪಿತ್ತ. “ನಾವ ಒಂದು ಕ್ಯಾಮೆರಾ ತರೂಣು.”

“ಗಾಜಿಗೆ ತುಕ್ಕ ಹಿಡೀತೈತೇನ್ರಿ?” ಎಂದಳು ಹೆಂಡತಿ ಶಿವಲಿಂಗವ್ವ.

“ನಿನಗೇನ ತಿಳೀತೈತಿ, ಸುಮ್ಕಿರು!”

ದುರ್ಗದಬೈಲಿನ ಮಲ್ಲಿಕಸಾಬನ ಕ್ಯಾಮೆರಾ ಅಂಗಡಿಯಲ್ಲಿ ಮಹಾಪರೀಕ್ಷೆ ನಡೆಯಿತು. ಮೊದಲು ಡಬ್ಬಿ ಕ್ಯಾಮೆರಾ. ಅಗ್ಗವೇನೋ ಹೌದು, ಆದರೆ ಅದರ ಕಣ್ಣು ಕಡಲೆಕಾಳಿನಷ್ಟು. ಇಷ್ಟು ಸಣ್ಣ ಕಿಂಡಿಯಲ್ಲಿ ಮಗಳ ಭಾಗ್ಯ ತೂರೀತೇ ಎಂದು ಶಾಂತಯ್ಯ ಬೆವರಿದ. ಆಮೇಲೆ ಎರಡು ಕಣ್ಣಿನದು ಬಂತು.

“ಎರಡ ಲೆನ್ಸ್ ಅಂದ್ರ ಎರಡ ಪಟ್ಟು ಬೆಳ್ಳಗ ಬರತೈತೇನು?”

“ಒಂದು ನೋಡಾಕ, ಒಂದು ತಗ್ಯಾಕ್ರಿ ಸಾವಕಾರ್ರ. ರೊಕ್ಕ ಮಾತ್ರ ಎರಡಕ್ಕೂ ಹತ್ತತಾವ.”

ಕೊನೆಗೆ ಕೈಗೆಟುಕಿದ್ದು, ವಿಲಾಯತಿಗೆ ಮರಳಿದ ಯಾರೋ ಬಿಳಿ ಸಾಹೇಬ ಮಾರಿಹೋಗಿದ್ದ ಮಡಚು ಕ್ಯಾಮೆರಾ. ಅಗಲವಾದ ಜರ್ಮನ್ ಲೆನ್ಸು. ಬೆಳಕನ್ನು ಗಟಗಟ ಕುಡಿಯುತ್ತದಂತೆ. ಅದಕ್ಕಿಂತ ಹೆಚ್ಚಾಗಿ, ಹುಟ್ಟಿದಾಗಿನಿಂದ ಬಿಳಿಯರನ್ನೇ ನೋಡಿ ಅಭ್ಯಾಸವಾದ ಲೆನ್ಸು! ಹೆಂಡತಿಯ ದಸರೆಯ ಸೀರೆಯನ್ನು ಮುಂದಿನ ದಸರೆಗೆ ನೂಕಿ ಶಾಂತಯ್ಯ ಅದನ್ನೇ ಕೊಂಡ.

ಅಂಗಳದಲ್ಲಿ ಇಡೀ ರೋಲು ಮುಗಿಯಿತು. ಶರಣವ್ವನ ಮುಖಕ್ಕೆ ಪೌಡರು, ಪೌಡರಿನ ಮೇಲೆ ಬಿಸಿಲು, ಬಿಸಿಲಿನ ಮೇಲೆ ಬೈಗುಳ.

“ಕಣ್ಣ ಮುಚ್ಚಬ್ಯಾಡ!”

“ಬಿಸಲ ಚುಚ್ಚತೈತ್ರಿ ಅಪ್ಪಾ!”

ರೋಲು ಹೊರಬಂದ ಮೇಲೆ ಹೊಳೆಯಿತು: ಇದನ್ನು ತೊಳೆದು ಚಿತ್ರ ಬರಿಸುವವರು ಯಾರು? ಮತ್ತೆ ಅದೇ ಖಾಜಾಸಾಬನೇ ಗತಿ.

ಹೆಂಡತಿ, ಮಗಳನ್ನು ಕಟ್ಟಿಕೊಂಡು ಸ್ಟುಡಿಯೋಕ್ಕೆ ಹೋದ. ಖಾಜಾಸಾಬ ರೋಲು ಇಸಿದುಕೊಂಡು ಕತ್ತಲೆ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಹೊರಗೆ ಶಾಂತಯ್ಯ ಬಾಗಿಲಿಗೆ ಕಿವಿ ಹಚ್ಚಿದ. ತನ್ನ ಗಿರಾಕಿ ಬೇರೆ ಕ್ಯಾಮೆರಾ ಕೊಂಡ ಸಿಟ್ಟಿಗೆ ಇವನು ಹುಡುಗಿಯನ್ನು ಕಪ್ಪು ಮಾಡಿಬಿಟ್ಟರೆ? ಒಳಗೆ ನೀರು ಕಲಕುವ ಸದ್ದು. ಶಾಂತಯ್ಯ ತಡೆದುಕೊಂಡ, ತಡೆದುಕೊಂಡ. ಕಡೆಗೆ ಬಾಗಿಲು ದಬ್ಬಿಯೇ ಬಿಟ್ಟ.

“ಏನ ಹಚ್ಚಾಕತ್ತೀಯೋ ನನ್ನ ಮಗಳಿಗೆ?”

“ಬಾಗ್ಲಾ! ಬಾಗ್ಲಾ ಹಾಕ್ರೀ!”

ಹಾಕುವಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಖಾಜಾಸಾಬ ಹಿಡಿದು ತಂದ ಫಿಲ್ಮು ಆ ತುದಿಯಿಂದ ಈ ತುದಿಯವರೆಗೆ ಇದ್ದಿಲು.

“ಕರೀ ಮಾಡೇಬಿಟ್ಟೆಲ್ಲೋ!” ಶಾಂತಯ್ಯ ತಲೆ ಹಿಡಿದು ಕುಸಿದ.

“ನಾನಲ್ರಿ ಸಾವಕಾರ್ರ, ನೀವು ಬಿಟ್ಟ ಬೆಳಕು. ಈಗಿದನ್ನ ಕಾಗದಕ್ಕ ಇಳಿಸಿದ್ರ ಒಂದ ಗೆರಿ ಸೈತ ಮೂಡಂಗಿಲ್ಲ. ಫಿಲ್ಮಿನ್ಯಾಗ ಕಪ್ಪಾದದ್ದು ಕಾಗದದಾಗ ಬೆಳ್ಳಗ ಬರತೈತಿ. ಬರೇ ಬೆಳ್ಳನ ಹಾಳಿ.”

ಅಲ್ಲಿಯವರೆಗೆ ಯಾರೂ ಒಂದು ಮಾತು ಕೇಳದಿದ್ದ ಶರಣವ್ವ ಬೆಂಚಿನಿಂದ ಎದ್ದಳು.

“ಅದನ್ನ ಧಾರವಾಡಕ್ಕ ಕಳಸ್ರಿ ಕಾಕಾ. ಇದಕ್ಕಿಂತ ಬೆಳ್ಳನ ಸೊಸಿ ಅವರಿಗೆ ಎಲ್ಲೂ ಸಿಗಂಗಿಲ್ಲ.”

ಶಿವಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಾಂತಯ್ಯ ಮೆಲ್ಲಗೆ ಎದ್ದು, ಖಾಜಾಸಾಬನ ಕಿವಿಯ ಬಳಿ ಬಗ್ಗಿದ.

“ಅದರ ಮ್ಯಾಲೆ… ಕಣ್ಣು, ಮೂಗು ಬರ್ಯಾಕ ಬರತೈತೇನು?”