ಮ್ಯಾನೇಜರರ ನಾಯಿಗೆ ಗಂಜಿ ಹಾಕಿದ ಕಥೆ

ಬೇಡ ಬೇಡ ಅಂದಷ್ಟೂ ಇಂಥವು ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತವೆ. ಕರುಮತ್ತಂಪಟ್ಟಿಯಲ್ಲಿ ಅಷ್ಟೊಂದು ನೇಕಾರರ ಮನೆಗಳಿದ್ದವಲ್ಲ, ಮ್ಯಾನೇಜರರ ನಾಯಿ ಬಂದು ಇಳಿಯೋದಕ್ಕೆ ನಮ್ಮ ಮನೆಯೇ ಬೇಕಿತ್ತಾ? ಎಂಬತ್ತರ ದಶಕದ ಮಾತು. ನಾನಾಗ ಕೊಯಮತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಫಿಟ್ಟರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

೧. ಹಲ್ಲು ತಾಗಿಸದ ಜಾತಿ

ಕಾರ್ಖಾನೆಯ ಮ್ಯಾನೇಜರ್ ಎರಡು ತಿಂಗಳು ಉತ್ತರದ ಕಡೆ ಹೊರಟಿದ್ದರು. ಒಂದು ಭಾನುವಾರ ಕಾರಿನಲ್ಲಿ ಬಂದು ಕಂದು ಬಣ್ಣದ ನಾಯಿಯೊಂದನ್ನು ಇಳಿಸಿದರು. ಮೈತುಂಬ ರೇಷ್ಮೆಯಂಥ ಕೂದಲು, ನೆಲ ಗುಡಿಸುವಷ್ಟು ಉದ್ದದ ಕಿವಿ.

"ಕಾಕರ್ ಸ್ಪ್ಯಾನಿಯಲ್. ಬೇಟೆಗಾರರ ನಾಯಿ. ಹೊಡೆದ ಹಕ್ಕಿಯನ್ನ ಪೊದೆಯೊಳಗಿಂದ ಹುಡುಕಿ, ಒಂದು ಹಲ್ಲೂ ತಾಗಿಸದೆ ತಂದುಕೊಡೋ ಜಾತಿ," ಅಂತ ತಮಿಳಲ್ಲಿ ವಿವರಿಸಿದರು. "ನಿಮ್ಮ ಮನೇಲಿ ಯಾವಾಗಲೂ ಜನ ಇರ್ತಾರೆ, ಚೆನ್ನಾಗಿ ನೋಡ್ಕೋ. ಬಂದ ತಕ್ಷಣ ನಿನ್ನ ಖಾಯಂ ಕಾಗದಕ್ಕೆ ಸಹಿ ಹಾಕ್ತೀನಿ."

ಕಾರು ತಿರುಗಿದ್ದೇ ತಡ, ಅಮ್ಮ ಶುರುಮಾಡಿದಳು. "ಮನೆಗೊಂದು ಕೋಳಿ ಇರೋ ಬೀದೀಲಿ ಬೇಟೆ ನಾಯಿ ಕಟ್ಟಬೇಕಾ ಡಾ? ನಿನಗೆ ಬುದ್ಧಿ ಇದೆಯಾ?"

ಅವಳು ಹೇಳಿದ್ದು ಮಾರನೆಯ ದಿನವೇ ಆಯಿತು. ಎದುರುಮನೆಯ ಅಕ್ಕನ ಕೋಳಿಯನ್ನು ನಾಯಿ ಬಾಯಲ್ಲಿ ಹಿಡಿದು ತಂದು, ನೂಲು ಸುತ್ತುತ್ತಿದ್ದ ಅಮ್ಮನ ಮಡಿಲಿಗೆ ಇಟ್ಟಿತು. ಅಮ್ಮ ಕಿರುಚಿದಳು, ಕೋಳಿಯೂ ಕಿರುಚಿತು. ಅಕ್ಕ ಪೊರಕೆ ಹಿಡಿದು ಓಡಿಬಂದು, ಕೋಳಿಯ ಒಂದೊಂದೇ ಪುಕ್ಕ ಎತ್ತಿ ನೋಡಿದರು. ಒಂದು ಗೀರೂ ಇಲ್ಲ! ನನಗಂತೂ ಹೋದ ಜೀವ ಬಂತು.

"ಗಾಯ ಇಲ್ಲ, ಸರಿ," ಅಂದರು ಅಕ್ಕ. "ಬೀದಿಯಲ್ಲೆಲ್ಲ ಹೊತ್ಕೊಂಡು ಬಂದಿದ್ದಕ್ಕೆ ಅದರ ಮಾನ ಹೋಯ್ತಲ್ಲ, ಅದನ್ನ ಯಾರು ಕೊಡ್ತೀರ?"

೨. ಮುಂದಿನ ಸೀಟು

ಹದಿನೈದು ದಿನಕ್ಕೆ ನಾಯಿ ತಲೆ ಕೊಡವಲು ಶುರುಮಾಡಿತು, ಕಿವಿಯಿಂದ ಕೆಟ್ಟ ವಾಸನೆ. ನಾಯಿಗೆ ಏನಾದರೂ ಆದರೆ ನನ್ನ ಕಾಗದಕ್ಕೆ ಸಹಿ ಯಾರು ಹಾಕುತ್ತಾರೆ?

ಅಮ್ಮನೂ ನಾನೂ ನಾಯಿಯನ್ನು ಎತ್ತಿಕೊಂಡು ಕೊಯಮತ್ತೂರಿನ ಗಾಂಧಿಪುರಂ ಬಸ್ ಹತ್ತಿದೆವು. ದನದ ಡಾಕ್ಟರು ಕಿವಿ ಎತ್ತಿ ನೋಡಿ, "ಇಷ್ಟುದ್ದ ಕಿವಿಗೆ ಗಾಳಿಯೇ ಆಡೋದಿಲ್ಲ. ಒಣಗಿಸಿಡಿ. ಅನ್ನದ ತಟ್ಟೆಗೆ ಬೀಳದ ಹಾಗೆ ಮೇಲೆ ಕಟ್ಟಿ. ಹೆದರೋದೇನಿಲ್ಲ," ಅಂದರು. ಅಮ್ಮ ಅಲ್ಲೇ ಸೊಂಟದಿಂದ ಜರಿ ಸೀರೆಯಂಚಿನ ಪಟ್ಟಿಯೊಂದನ್ನು ತೆಗೆದು, ಎರಡೂ ಕಿವಿಯನ್ನು ನೆತ್ತಿಯ ಮೇಲೆ ಗಂಟು ಹಾಕಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಅಡ್ಡ ನಿಂತ. "ನಾಯಿ ಎಲ್ಲ ಹತ್ತಿಸಬಾರದಮ್ಮ. ಯಾರದು ಇದು?"

"ನಮ್ಮ ಹುಡುಗನ ಮ್ಯಾನೇಜರ್‌ದು," ಅಂದಳು ಅಮ್ಮ.

ಅವನು ನೆತ್ತಿಯ ಮೇಲಿನ ಜರಿ ಗಂಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. "ಮ್ಯಾನೇಜರ್‌ದಾ? ಹಾಗಾದ್ರೆ ಮುಂದಿನ ಸೀಟಲ್ಲಿ ಕೂರಿಸಿ. ಹಿಂದೆ ಕುಲುಕಾಟ ಜಾಸ್ತಿ."

೩. ಗಂಜಿ ಸ್ನಾನ

ಈ ಜಾತಿಗೆ ನೀರು ಅಂದರೆ ಪ್ರಾಣ ಅಂತ ಮ್ಯಾನೇಜರ್ ಹೇಳಿರಲಿಲ್ಲ. ಅವರು ಬರುವುದಕ್ಕೆ ಐದು ದಿನ ಇತ್ತು. ನೂಲು ಬಿಗಿಯಾಗಲೆಂದು ಹಾಕಲು ಅಮ್ಮ ಹಂಡೆ ತುಂಬ ಗಂಜಿ ಕಾಯಿಸಿ ಆರಲು ಇಟ್ಟಿದ್ದಳು. ಊಟ ಮುಗಿಸಿದ ನಾಯಿ, ಕಿವಿಯ ಗಂಟು ಕಟ್ಟಿದ್ದ ಹಾಗೇ, ಅದರೊಳಗೆ ಧುಮುಕಿಯೇ ಬಿಟ್ಟಿತು, ನೆತ್ತಿ ಮಾತ್ರ ಮೇಲೆ. ಎದ್ದುಬಂದು ಬಿಸಿಲಲ್ಲಿ ಮಲಗಿತು. ಗಂಟೆಯೊಳಗೆ ಮೈಯೆಲ್ಲ ಇಸ್ತ್ರಿ ಮಾಡಿದ ವೇಷ್ಟಿ ಪಂಚೆಯ ಹಾಗೆ ಗರಿಗರಿ. ಕೂತರೆ ಏಳಲಾರದು, ಎದ್ದರೆ ಕೂರಲಾರದು.

"ಕತ್ತರಿ ತರ್ತೀನಿ," ಅಂದೆ.

"ಕತ್ತರೀನಾ! ಸಿಕ್ಕನ್ನ ಕತ್ತರಿಸೋನು ನೇಕಾರನೇ ಅಲ್ಲ, ಬಿಡಿಸಬೇಕು," ಅಂತ ಗದರಿಸಿ ಅಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದಳು. ಒಬ್ಬೊಬ್ಬರು ಒಂದೊಂದು ಕಾಲು ಹಿಡಿದು ಮೂರು ದಿನ ಕೂತರು. ನಾಯಿಗೆ ಸುಖವೋ ಸುಖ, ಯಾರು ಮುಟ್ಟಿದರೂ ಬಾಲ ಆಡಿಸುವ ಜೀವ ಅದು. ಸಿಕ್ಕು ಮಾತ್ರ ಬಿಡಲಿಲ್ಲ. ಕೊನೆಗೆ ಅಮ್ಮ ಬಿಸಿನೀರು ಹೊಯ್ದಳು. ಗಂಜಿ ಅಂಟಾಗಿ, ಸಿಕ್ಕು ಇನ್ನಷ್ಟು ಗಟ್ಟಿಯಾಗಿ ಕೂತಿತು.

ಕುರಿ ಉಣ್ಣೆ ಕತ್ತರಿಸುವ ತಾತನೇ ಬರಬೇಕಾಯಿತು. ಮೇಲೆ ಕಟ್ಟಿದ್ದ ಕಿವಿಗಳಿಗೆ ಮಾತ್ರ ಗಂಜಿ ತಾಗಿರಲಿಲ್ಲ, ಅವೆರಡನ್ನು ಬಿಟ್ಟು ಮಿಕ್ಕಿದ್ದೆಲ್ಲ ಬೋಳು. ತಾತ ಕೆಲಸ ಮುಗಿಸಿ, ತಲೆ ಕೆರೆದುಕೊಂಡು ಹೇಳಿದ, "ಕುರಿಮರಿ ಚೆನ್ನಾಗಿದೆ. ಆದ್ರೆ ನೀವು ಮೇವು ಸಾಲದ ಹಾಗೆ ಹಾಕಿದ್ದೀರ."

೪. ಯಾರ ನಾಯಿ?

ಮ್ಯಾನೇಜರ್ ಬಂದರು. ನಾನು ಹಿಂದಿನ ರಾತ್ರಿಯೇ ರಾಜೀನಾಮೆಯ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವರು ನಾಯಿಯನ್ನು ಸುತ್ತುಹಾಕಿ ನೋಡಿದರು.

"ಇದು ನನ್ನದಲ್ಲ. ನನ್ನ ನಾಯಿ ಎಲ್ಲಿ?"

"ಇದೇ ಸಾರ್! ನೋಡಿ, ನಿಮ್ಮನ್ನ ಕಂಡು ಓಡಿಬಂತು."

"ಈ ಜಾತಿ ಪೋಸ್ಟ್‌ಮ್ಯಾನ್ ಕಂಡ್ರೂ ಓಡಿಬರುತ್ತೆ. ನಿಜ ಹೇಳು, ಕಳ್ಕೊಂಡ್ಬಿಟ್ಟೆಯಾ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ನಾಯಿ ಬೀದಿಗೆ ಹಾರಿತು, ಎದುರುಮನೆಗೆ ನುಗ್ಗಿತು, ಅಕ್ಕನ ಕೋಳಿಯನ್ನು ಬಾಯಲ್ಲಿ ಹಿಡಿದು ತಂದು ಮ್ಯಾನೇಜರ್ ಬೂಟಿನ ಮೇಲೆ ಮೆತ್ತಗೆ ಇಳಿಸಿತು. ಕೋಳಿ ಒಮ್ಮೆ ಮೈ ಕೊಡವಿ, ಬೂಟಿನ ಮೇಲೆ ಹಿಕ್ಕೆ ಹಾಕಿ, ಅಭ್ಯಾಸವಾದವರ ಹಾಗೆ ನಡೆದು ಹೋಯಿತು.

ಮ್ಯಾನೇಜರ್ ಮುಖ ಅರಳಿತು. "ಅಯ್ಯೋ, ಇವನೇ! ಪಕ್ಕದ ಬಂಗಲೆ ಕೋಳೀನ ಹೀಗೇ ತಂದಿಡ್ತಿದ್ದ. ಆ ಮನೆಯವರ ಕಾಟಕ್ಕೇ ಅಲ್ವಾ ನಿಮ್ಮಲ್ಲಿ ಬಿಟ್ಟಿದ್ದು!"

ಹಿಂದೆಯೇ ಪೊರಕೆ ಬಂತು, ಪೊರಕೆಯ ಜೊತೆ ಅಕ್ಕ. "ಯಾರ ನಾಯಿ ಇದು? ಇವತ್ತು ಗೊತ್ತಾಗಲೇಬೇಕು!"

ಮ್ಯಾನೇಜರ್ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ಕೈ ಎತ್ತಿದರು. ಆದರೆ ಮೂರು ದಿನ ಸಿಕ್ಕು ಬಿಡಿಸಿದ ಅಷ್ಟೂ ಹೆಂಗಸರು ಬಾಗಿಲಲ್ಲೇ ಇದ್ದರಲ್ಲ! ಎಲ್ಲರೂ ಒಟ್ಟಿಗೆ ಅವರತ್ತ ಬೆರಳು ತೋರಿಸಿದರು. "ಸಾರ್‌ದು!"

"ಹೌದಮ್ಮ, ನನ್ನದೇ," ಅಂದರು ಪಾಪ. ಅಬ್ಬಾ, ಆ ಒಂದು ಮಾತಿಗೆ ನನ್ನ ಎದೆಯ ಮೇಲಿನ ಬಂಡೆ ಇಳಿಯಿತು.

ಮರುದಿನ ಸಹಿ ಬಿತ್ತು. ಪೆನ್ನಿಗೆ ಮುಚ್ಚಳ ಹಾಕುತ್ತಾ ಮ್ಯಾನೇಜರ್ ಕೇಳಿದರು, "ಮುಂದಿನ ತಿಂಗಳು ಒಂದು ವಾರ ಮದರಾಸಿಗೆ ಹೋಗಬೇಕು. ನಿಮ್ಮಮ್ಮ ಮನೇಲಿ ಇರ್ತಾರಾ?"

ಹೆದರುತ್ತಲೇ ಅಮ್ಮನಿಗೆ ಹೇಳಿದೆ. ಹಿಂದಿನ ದಿನ ನಾಯಿ ಹೋದಾಗಿನಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

"ಮುಂದಿನ ತಿಂಗಳು ಯಾಕೆ ಡಾ?" ಅಂದಳು. "ಈಗಲೇ ಕಳಿಸೋಕೆ ಹೇಳು. ಅದರ ಕೂದಲು ಬೆಳೆಯೋದರೊಳಗೆ ನೂಲಿಗೆ ಒಂದು ಸಲ ಗಂಜಿ ಹಾಕಿ ಮುಗಿಸ್ಕೋತೀನಿ."